ಇಪ್ಪತ್ತರ ಎಡಕ್ಕೆ ಇಪ್ಪತ್ತೈದು

ನಮ್ಮ ಫೋರ್ಟ್ ಆಫೀಸಿನ ಸಾಫ್ಟ್‌ವೇರ್ ಇಂಟರ್‌ವ್ಯೂಗೆ ಒಂದೇ ನಿಯಮ: ನಟನೆ ಕೂಡದು. ಮೊದಲೇ ನೋಡಿದ ಪ್ರಶ್ನೆಯಾದರೆ ಬಾಯಿಬಿಟ್ಟು ಹೇಳಬೇಕು. ಆ ನಿಯಮ ಬರೆದವನು ನಾನೇ. ಆದರೂ ಬಂದವರೆಲ್ಲ ತಲೆ ಕೆರೆದುಕೊಂಡು, ಯೋಚಿಸಿದಂತೆ ಮಾಡಿ, ಬಾಯಿಪಾಠದ ಉತ್ತರ ಬರೆಯುತ್ತಿದ್ದರು. ನಾನೂ ವರ್ಷಗಳ ಹಳೆಯ ಪ್ರಶ್ನೆಯನ್ನು ಈಗಷ್ಟೇ ಹೊಳೆದಂತೆ ಕೇಳುತ್ತಿದ್ದೆ.

ಬೊರಿವಲಿಯಿಂದ ಬಂದ ಕನ್ನಡದ ಹುಡುಗಿ ಪ್ರತೀಕ್ಷಾ ಮಾತ್ರ, "ಯೇ ತೋ ನೋಡಿದ್ದೇನೆ ಸರ್, ಬೇರೆ ಕೊಡಿ" ಎಂದಳು. ಅವಳಿದ್ದ ಕಂಪನಿ ಮುಚ್ಚಿತ್ತು. ಈ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ಬೇರೆ ಪ್ರಶ್ನೆ ನನ್ನ ಹತ್ತಿರ ಇರಲೇ ಇಲ್ಲ. ಗಂಭೀರವಾಗಿ ಎದ್ದು ಬೋರ್ಡಿನ ಮೇಲೆ ಒಂದು ಬೈನರಿ ಸರ್ಚ್ ಟ್ರೀ, ಅಂದರೆ ಸಂಖ್ಯೆಗಳು ಕೊಂಬೆಗಳಂತೆ ಕವಲೊಡೆಯುವ ಚಿತ್ರ, ಬಿಡಿಸಿದೆ. ಅದರಲ್ಲಿ ಪ್ರತಿ ಸಂಖ್ಯೆಯ ಎಡಕ್ಕೆ ಚಿಕ್ಕವು, ಬಲಕ್ಕೆ ದೊಡ್ಡವು ಇರಬೇಕು, ಅಷ್ಟೇ.

"ಇದರಲ್ಲಿ ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯಿಂದ ಎಣಿಸಿ ಮೂರನೆಯದನ್ನು ಹುಡುಕುವ ಕೋಡ್ ಬರೆಯಿರಿ."

"ಸರ್, ಇಪ್ಪತ್ತರ ಎಡಕ್ಕೆ ಇಪ್ಪತ್ತೈದು ಇದೆಯಲ್ಲ?"

ನನ್ನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ, ಧಾರವಾಡದ ಕುಲಕರ್ಣಿ, ನನ್ನ ಮಾನ ಉಳಿಸಲು ಮುಂದಾದರು: "ಸಾಹೇಬ್ರು ಬೇಕಂತನ ಟ್ರ್ಯಾಪ್ ಇಟ್ಟಾರವಾ. ಹಿಡದಿ ನೋಡು! ನೀ ಪಾಸ್!"

"ಹೌದು, ಟ್ರ್ಯಾಪೇ" ಎಂದೆ, ನಿಯಮ ಬರೆದ ದಿನದ ಗತ್ತಿನಲ್ಲೇ.

ಥ್ಯಾಂಕ್ಯೂ ಹೇಳಿ ಎದ್ದು ಹೋಗಿದ್ದರೆ ಕೆಲಸ ಅವಳದಾಗುತ್ತಿತ್ತು. ಹೋಗಲಿಲ್ಲ. ಡಸ್ಟರ್ ತೆಗೆದುಕೊಂಡು ನನ್ನ ಇಪ್ಪತ್ತೈದನ್ನು ಒರೆಸಿ, ಅಲ್ಲಿ ಹದಿನೈದು ಬರೆದಳು.

"ಟ್ರ್ಯಾಪ್ ಅಲ್ಲ ಸರ್, ತಪ್ಪು" ಎಂದು ಹೇಳಿ, ನಾನು ಕೇಳಿದ್ದ ಕೋಡನ್ನು ಮೊದಲ ಸಾಲಿನಿಂದ ಬರೆಯತೊಡಗಿದಳು.