ಬಾಗಿಲ ಮೇಲೆ ಮಾಗಳ, ಮೆಟ್ಟಿಲ ಕೆಳಗೆ ತೆಲಿಗಿ

ನಮ್ಮತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ ದಾವಣಗೆರೆಯ ಡಾಕ್ಟರು ಆಪರೇಷನ್ ಮಾಡಿ, ಇನ್ನು ಮೇಲೆ ಇವರು ನೆಲದ ಮೇಲೆ ಮಲಗಕೂಡದು, ಮಂಚ ಬೇಕೇ ಬೇಕು ಎಂದರು. ಮಂಚವೇನೋ ತರಬಹುದು, ಹಾಕುವುದೆಲ್ಲಿ? ಕೊಟ್ಟೂರಿನ ನಮ್ಮ ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಒಳಕೋಣೆ, ಅಷ್ಟೇ. ಪಡಸಾಲೆಯಲ್ಲಿ ನನ್ನ ಹೊಲಿಗೆ ಮೆಷಿನ್ನು ಮತ್ತು ಎಲ್ಲರ ಹಾಸಿಗೆ. ಒಳಕೋಣೆಯಲ್ಲಿ ನೆಲದಿಂದ ಜಂತಿಯವರೆಗೂ ಅತ್ತೆಯ ಪಾತ್ರೆಗಳು.

ನಮ್ಮ ಕಡೆ ಮದುವೆಗೆ ಬಂದವರು ಸ್ಟೀಲಿನ ಪಾತ್ರೆ ಮುಯ್ಯಿ ಮಾಡುತ್ತಾರೆ. ಕೊಟ್ಟವರ ಹೆಸರು, ಊರು ಅದರ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ಮುಂದೆ ಅವರ ಮನೆಯಲ್ಲಿ ಮದುವೆಯಾದರೆ ನಾವು ಅದಕ್ಕಿಂತ ಒಂದು ಸುತ್ತು ದೊಡ್ಡದನ್ನೇ ಒಯ್ಯಬೇಕು. ಹಾಗಾಗಿ ಅತ್ತೆ ಅವುಗಳಲ್ಲಿ ಒಂದನ್ನೂ ಬಳಸುತ್ತಿರಲಿಲ್ಲ, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದು ಹದಿನೆಂಟು ವರ್ಷವಾದರೂ ಆ ಕೋಣೆಯ ಕಿಟಕಿಗೆ ಯಾವ ಬಣ್ಣವಿದೆ ಎಂದು ನನಗೆ ಗೊತ್ತಿರಲಿಲ್ಲ!

ಹರಪನಹಳ್ಳಿಯಲ್ಲಿರುವ ನನ್ನ ಮೈದುನ ಆಸ್ಪತ್ರೆಯ ವಾರ್ಡಿನಲ್ಲೇ ತೀರ್ಮಾನ ಹೇಳಿಬಿಟ್ಟ. "ಅತ್ತಿಗಿ, ನಿಮ್ಮನ್ಯಾಗ ಜಾಗ ಎಲ್ಲೈತಿ? ಅವ್ವನ್ನ ನಾನು ಕರಕೊಂಡು ಹೋಗ್ತೀನಿ. ನಮ್ಮನ್ಯಾಗ ಒಂದು ರೂಮು ಖಾಲಿ ಐತಿ."

ಕೆಟ್ಟ ಮಾತೇನಲ್ಲ. ಆದರೆ ಅದನ್ನು ಕೇಳಿದ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದು ನನಗೆ ಕಂಡಿತು. ನನ್ನ ಗಂಡ ಔಷಧಿ ಚೀಟಿ ಮಡಚುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ದಿನಾ ಜಗಳವಾಡಿದ್ದೇವೆ, ಇಲ್ಲವೆನ್ನುವುದಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಒಂದು ದಿನ, ಕಡಿಮೆಯಾಯಿತೆಂದು ಇನ್ನೊಂದು ದಿನ. ಹಾಗಂತ ಅವರಿಲ್ಲದ ಮನೆಯಲ್ಲಿ ನಾನು ಯಾರೊಂದಿಗೆ ಮಾತಾಡಲಿ?

"ಶನಿವಾರ ಡಿಸ್ಚಾರ್ಜ್ ಆದಮ್ಯಾಲೆ ಮೊದಲು ಕೊಟ್ಟೂರಿಗೆ ಕರಕೊಂಡು ಬಾರಪ್ಪ. ಮಂಚ ಹಾಕಾಕ ಜಾಗ ಕಾಣಲಿಲ್ಲಂದ್ರ ಆಮ್ಯಾಲೆ ಮಾತಾಡು" ಎಂದೆ.

ಕೈಯಲ್ಲಿ ನಾಲ್ಕು ದಿನ. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಡೀ ಮನೆಯನ್ನು ಹೊಸದಾಗಿ ನೋಡಿದೆ. ಪಡಸಾಲೆಯ ಬಾಗಿಲ ಮೇಲೆ ಅಷ್ಟುದ್ದ ಗೋಡೆ ಯಾವ ಕೆಲಸವೂ ಇಲ್ಲದೆ ನಿಂತಿತ್ತು. ಬಡಿಗನನ್ನು ಕರೆಸಿ ಆ ತುದಿಯಿಂದ ಈ ತುದಿಗೆ ಹಲಗೆ ಹೊಡೆಸಿದೆ. ಮಾಳಿಗೆ ಮೆಟ್ಟಿಲ ಕೆಳಗೆ ಹರಿದ ಚಪ್ಪಲಿ, ಮುರಿದ ಕೊಡೆ, ಯಾವ ಕಾಲದಲ್ಲೋ ಕೆಟ್ಟ ಫ್ಯಾನು ಬಿದ್ದಿದ್ದವು. ಎಲ್ಲವನ್ನೂ ಗುಜರಿಯವನಿಗೆ ಹಾಕಿ, ಸುಣ್ಣ ಬಳಿದು, ಹಳೇ ಸೀರೆಯ ಪರದೆ ಹೊಲಿದು ಕಟ್ಟಿದೆ. ಅಡುಗೆಕಟ್ಟೆಯ ಕೆಳಗೆ ಸಿಲಿಂಡರಿನ ಹಿಂದೆ ಇಲಿಗಳಷ್ಟೇ ಓಡಾಡುತ್ತಿದ್ದ ಜಾಗವನ್ನೂ ಬಿಡಲಿಲ್ಲ.

"ಇದು ಆಗೋ ಮಾತಲ್ಲ ಬಿಡು" ಎಂದರು ನನ್ನ ಗಂಡ.

"ಮಾತು ಆಮ್ಯಾಲೆ. ಮೊದಲು ಏಣಿ ಹಿಡೀರಿ!"

ಪಾತ್ರೆಗಳನ್ನು ಹೊರಗೆ ಸಾಗಿಸಿದಂತೆ ಒಳಕೋಣೆ ಕಣ್ಣುಬಿಟ್ಟಿತು. ಕಿಟಕಿಗೆ ಇದ್ದದ್ದು ಹಸಿರು ಬಣ್ಣ. ಗೋಡೆಯ ಹಳೇ ಕ್ಯಾಲೆಂಡರುಗಳನ್ನು ಕಿತ್ತರೆ ಹಿಂದೆ ಒಂದು ಗೂಡು, ಅದರಲ್ಲಿ ಯಾರೋ ಹಿರಿಯರು ಹಚ್ಚಿಟ್ಟ ದೀಪದ ಮಸಿ. ಅದರ ಪಕ್ಕಕ್ಕೇ ಮಂಚ ಹಾಕಿಸಿದೆ. ಗೂಡಿನಲ್ಲಿ ಏನಿಡಬೇಕೆಂದು ತೋಚದೆ ಖಾಲಿ ಬಿಟ್ಟೆ. ಪಾತ್ರೆಗಳನ್ನು ಮಾತ್ರ ಅಳತೆ ನೋಡಿ ಒಂದರೊಳಗೊಂದು ಕೂರಿಸಿದೆ. ಹತ್ತರ ಜಾಗದಲ್ಲಿ ಹದಿನೈದು ಹಿಡಿದವು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಶನಿವಾರ ಮಧ್ಯಾಹ್ನ ಮೈದುನನ ಕಾರು ಬಂತು. ಅತ್ತೆ ವಾಕರ್ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಒಳಕೋಣೆಯ ಹೊಸಿಲಲ್ಲಿ ನಿಂತರು. ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ. "ನನ್ನ ಭಾಂಡೆ ಎಲ್ಲಿ?" ಎಂದರು. ನಾನು ಉತ್ಸಾಹದಿಂದ ಮೆಟ್ಟಿಲ ಕೆಳಗಿನ ಪರದೆ ಸರಿಸಿದೆ, ಬಾಗಿಲ ಮೇಲೆ ಬೆರಳು ತೋರಿಸಿದೆ. ಅವರ ಮುಖ ಇಳಿದುಹೋಯಿತು.

"ಎಲ್ಲಾ ಕಲಸಿಬಿಟ್ಟೆಲ್ಲವ್ವಾ... ಇನ್ನ ಇಲ್ಲಿ ನನಗೇನು ಗೊತ್ತಾಗ್ತೈತಿ? ನಡಿಯಪ್ಪಾ, ನಿಮ್ಮ ಮನಿಗೇ ಹೋಗಾಣ."

ಆಗ ನನ್ನ ತಲೆಗೆ ಹೊಳೆಯಿತು. ಅತ್ತೆಗೆ ಓದಲು ಬರುವುದಿಲ್ಲ. ಆದರೂ ಯಾರದೇ ಮದುವೆ ಬರಲಿ, ಅಳತೆ ನೋಡಲು ಒಳಗೆ ಹೋಗಿ ಆ ಮನೆಯವರ ಪಾತ್ರೆಯನ್ನೇ ಹಿಡಿದು ಬರುತ್ತಿದ್ದರು, ಒಮ್ಮೆಯೂ ತಪ್ಪಿದ್ದಿಲ್ಲ. ಅದು ಹೇಗೆಂದು ನಾನು ಕೇಳಿರಲೇ ಇಲ್ಲ. ಊರಿಗೊಂದು ಸಾಲು, ಸಾಲಿನಲ್ಲಿ ಮನೆಗೊಂದು ಜಾಗ ಮಾಡಿ ಜೋಡಿಸಿಕೊಂಡಿದ್ದರು. ಅಕ್ಷರ ಬಲ್ಲ ನಾನು ಹೆಸರು ನೋಡುವುದು ಬಿಟ್ಟು ಗಾತ್ರ ನೋಡಿದ್ದೆ. ಅವರನ್ನು ಉಳಿಸಿಕೊಳ್ಳಲು ಹೋಗಿ ಅವರ ಊರು, ಕೇರಿ, ಬಳಗವನ್ನೆಲ್ಲ ನಾನೇ ಕದಡಿಟ್ಟಿದ್ದೆ. ನಾಚಿಕೆಯಾಯಿತು, ಅಳುವೂ ಬಂತು.

ಅಳುತ್ತಾ ಕೂರುವ ಜಾತಿಯಲ್ಲ ನಾನು. "ಅತ್ತೀ, ಮಂಚದ ಮ್ಯಾಲೆ ಕುಂದರ್ರಿ. ನಾ ಹೆಸರು ಓದ್ತೀನಿ, ಎಲ್ಲಿಡಬೇಕು ಅಂತ ನೀವು ಹೇಳ್ರಿ. ಎಲ್ಲಾ ಮುಗದ ಮ್ಯಾಲೂ ಹೋಗ್ತೀನಿ ಅಂದ್ರ ನಾನ ಕಾರಿಗೆ ಹತ್ತಿಸ್ತೀನಿ" ಎಂದೆ. ಮೈದುನ ಗಡಿಯಾರ ನೋಡಿದ. "ನೀ ಏನು ನೋಡ್ತಿ? ಸ್ಟೂಲ್ ಹತ್ತು!" ಎಂದು ಅವನಿಗೂ ಗದರಿದೆ.

ಎಲ್ಲ ಕೆಳಗಿಳಿಸಿದೆವು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಒಂದೊಂದೇ ಹೆಸರು, ಊರು ಓದಿದಂತೆ ಅತ್ತೆಯ ದನಿ ಗಟ್ಟಿಯಾಗುತ್ತ ಹೋಯಿತು. "ಅದು ತೆಲಿಗಿದು, ಮೆಟ್ಟಿಲ ಕೆಳಗ ಇಡು. ಕೊಟ್ಟಾಕಿ ಮಗಳ ಮದುವಿ ಇನ್ನಾ ಆಗಿಲ್ಲ, ಮುಂದಕ್ಕ ಇರಲಿ. ಹಲವಾಗಲಿನವು ಅಡಿಗಿ ಕಟ್ಟಿ ಕೆಳಗ. ಮಾಗಳ ನನ್ನ ತವರು, ಬಾಗಿಲ ಮ್ಯಾಲೆ ಇಡು, ಬಂದು ಹೋಗೋವಾಗ ಕಣ್ಣಿಗೆ ಬೀಳ್ತೈತಿ." ನಡುವೆ ಮೈದುನನಿಗೆ, "ಲೇ, ಅದು ನಿನ್ನ ತೊಟ್ಟಿಲಕ್ಕ ಕೊಟ್ಟ ಬಟ್ಟಲು, ಬೀಳಿಸಬ್ಯಾಡ" ಎಂದು ಬೈಗುಳವೂ ಆಯಿತು. ಅವನು ಗಡಿಯಾರ ನೋಡುವುದನ್ನು ಮರೆತ.

ಇಳಿಹೊತ್ತಿಗೆ ಉಳಿದದ್ದು ಒಂದೇ ಒಂದು ಹಿತ್ತಾಳೆ ತಂಬಿಗೆ. "ಅದು ಓದಬ್ಯಾಡ, ನನ್ನ ಮದುವ್ಯಾಗ ಅಪ್ಪ ಕೊಟ್ಟಿದ್ದು. ಅಪ್ಪನ ಹೆಸರೈತಿ. ಮಾಗಳದ ಸಾಲಿಗೆ ಇಡು" ಎಂದರು ಅತ್ತೆ.

ಆದರೂ ಬೆಳಕಿಗೆ ಹಿಡಿದು ನೋಡಿದೆ. "ಅತ್ತೀ, ಇದರಾಗ ನಿಮ್ಮಪ್ಪನ ಹೆಸರಿಲ್ಲ. ನಿಮ್ಮ ಹೆಸರೈತಿ."

"ನಂದಾ?"

"ನಿಮ್ದ. ಬರೇ ನಿಮ್ದೊಂದ ಐತಿ. ಊರು ಹಾಕಿಲ್ಲ."

ಕೈ ಚಾಚಿ ಇಸಿದುಕೊಂಡರು. ಹೆಬ್ಬೆರಳಿನಿಂದ ಆ ಚುಕ್ಕಿಗಳನ್ನು ಮೆಲ್ಲಗೆ ಸವರಿದರು. ಬಾಗಿಲಲ್ಲಿ ಮೈದುನ ಕಾರಿನ ಕೀಲಿ ಹಿಡಿದು ನಿಂತಿದ್ದ.

"ಎಲ್ಲಿಡ್ಲಿ?" ಎಂದು ಕೇಳಿದೆ.

ಅತ್ತೆ ಮಂಚದ ಪಕ್ಕದ ಖಾಲಿ ಗೂಡಿನ ಕಡೆ ನೋಡಿದರು. "ಇಲ್ಲೇ ಇಡು. ಇದು ಕೊಟ್ಟೂರಿಂದು" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನೀ ಕತ್ತಲಾಗೋದ್ರಾಗ ಊರು ಮುಟ್ಟಪ್ಪಾ" ಎಂದರು.