ಗಾಡಿಯಲ್ಲಿ ಹೋದ ಮಣ್ಣು

ಮಂಗಳೂರು ಜೆಪ್ಪುವಿನ ದೇಯಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕೇರಿಯವರೆಲ್ಲ ಹೇಳುತ್ತಿದ್ದರು. ಹೇಳುವವರಿಗೇನು, ಹೇಳಿ ಹೋಗುತ್ತಾರೆ. ಸಾವಿರದ ಒಂಬೈನೂರ ಐವತ್ತೊಂಬತ್ತರವರೆಗೆ ಅವಳ ಸಿಟ್ಟು ನಿಮ್ಮ ನಮ್ಮ ಸಿಟ್ಟಿನ ಹಾಗೆಯೇ ಇತ್ತು. ಬೇಲಿ ನುಗ್ಗಿ ಹರಿವೆ ಸೊಪ್ಪಿಗೆ ಬಾಯಿ ಹಾಕುವ ದನದ ಮೇಲೆ ಒಂದಿಷ್ಟು, ಬಸಳೆಯ ಕಟ್ಟು ಸಣ್ಣದಾಯಿತು ಎಂದು ಗೊಣಗುವ ಮಾರ್ಕೆಟಿನವರ ಮೇಲೆ ಒಂದಿಷ್ಟು. ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಆರಿಹೋಗುವ ಸಿಟ್ಟು ಅದು. ಆರದ ಸಿಟ್ಟನ್ನು ಅವಳಿಗೆ ಕಲಿಸಿದವರು ಬೇರೆಯವರು, ಅದನ್ನು ಕಲಿಸಿ ಕೈಗೊಂದು ಸರ್ಟಿಫಿಕೇಟನ್ನೂ ಕೊಟ್ಟರು.

ಅವಳ ಮನೆ ಇದ್ದದ್ದು ಹಳೆಯ ಕಲ್ಲಿನ ಕೋರೆಯಲ್ಲಿ. ಯಾರ್ಯಾರದೋ ಬಂಗಲೆಗೆ ಮುರಕಲ್ಲು ಕಡಿದು, ಇನ್ನು ಕಡಿಯಲು ಏನೂ ಇಲ್ಲ ಎಂದಾದಾಗ ಬಿಟ್ಟುಹೋದ ಜಾಗ. ಕಾಲಿಟ್ಟಲ್ಲೆಲ್ಲ ಕೆಂಪು ಬಂಡೆ. ಹಂಚಿನ ಕಾರ್ಖಾನೆಯಲ್ಲಿ ಒಲೆಗೆ ಕಟ್ಟಿಗೆ ಹಾಕುತ್ತಿದ್ದ ಗಂಡ ಸಂಕಪ್ಪ ಅಲ್ಲಿ ಗುಡಿಸಲು ಕಟ್ಟಿದ ವರ್ಷವೇ ದೇಯಿ ಮಣ್ಣು ಮಾಡಲು ಶುರುಮಾಡಿದಳು. ಹೌದು, ಮಾಡಲು. ನೇತ್ರಾವತಿಯ ದಡದಿಂದ ಬುಟ್ಟಿಯಲ್ಲಿ ಹೊತ್ತು ತಂದ ಮೆಕ್ಕಲು, ಒಲೆಯ ಬೂದಿ, ಕೊಳೆತ ಸೊಪ್ಪು, ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಕೊಳೆತು ಯಾರಿಗೂ ಬೇಡವಾದ ಬೂತಾಯಿ ಮೀನು. ಹದಿನೆಂಟು ವರ್ಷಕ್ಕೆ ಅದು ಮೊಣಕೈ ಆಳದ ಕಪ್ಪು ಮಣ್ಣಾಯಿತು. ಅಷ್ಟರಲ್ಲಿ ಸಂಕಪ್ಪ ತೀರಿಹೋಗಿದ್ದ. ಉಳಿದದ್ದು ಮಗಳು ಕುಶಲಾ ಮತ್ತು ಹಿತ್ತಿಲಿನ ಆ ಪಾತಿ. ಇಬ್ಬರ ಹೊಟ್ಟೆಯನ್ನೂ ಅದೇ ಹೊರೆಯಬೇಕು.

ಪಾತಿಗೆ ಇನ್ನೂ ಒಬ್ಬಳು ಪಾಲುದಾರಳಿದ್ದಳು, ಬೇಲಿಯಾಚೆಯ ಆಸ್ಯಮ್ಮ. ಅವಳ ಗಂಡ ಸಲಾಂ ಬಂದರಿನಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ. ಬರುವಾಗ ಮೀನು ತರದ ದಿನವಿಲ್ಲ. ಮೀನು ತೊಳೆದ ನೀರನ್ನು ಈ ಊರಿನಲ್ಲಿ ಯಾರೂ ಚರಂಡಿಗೆ ಚೆಲ್ಲುವುದಿಲ್ಲ, ಬಸಳೆಯ ಬುಡಕ್ಕೆ ಹೊಯ್ಯುತ್ತಾರೆ. ಆಸ್ಯಮ್ಮನ ಮನೆಯಲ್ಲಿ ಬಸಳೆ ಇರಲಿಲ್ಲ, ಹಾಗಾಗಿ ಅವಳು ದಿನಾ ಸಂಜೆ ಬೇಲಿಯ ಸಂದಿಯಿಂದ ಚಟ್ಟಿ ಚಾಚಿ ದೇಯಿಯ ಬಸಳೆಗೆ ಹೊಯ್ಯುತ್ತಿದ್ದಳು. ವಾರಕ್ಕೊಮ್ಮೆ ಅದೇ ಸಂದಿಯಿಂದ ಒಂದು ಕಟ್ಟು ಸೊಪ್ಪು ಆಚೆ ಹೋಗುತ್ತಿತ್ತು.

ಇಷ್ಟರಲ್ಲಿ ನೆಮ್ಮದಿಯಾಗಿರಬಹುದಿತ್ತು. ಆದರೆ ಆಟಿ ತಿಂಗಳು ಎಂಬುದೊಂದಿದೆಯಲ್ಲ. ಜುಲೈ ಕಳೆದು ಆಗಸ್ಟಿಗೆ ಕಾಲಿಡುವ ಆ ಹೊತ್ತಿನಲ್ಲಿ ಮಳೆಯ ಹೊಡೆತಕ್ಕೆ ಹರಿವೆ ನೆಲ ಕಚ್ಚುತ್ತದೆ. ಗುಡ್ಡದಲ್ಲಿ ತಾನಾಗಿ ಹುಟ್ಟುವ ಸೊಪ್ಪು ಸದೆಯನ್ನು ಕೊಯ್ದು ತಂದು ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ತಿಂಗಳು ದೇಯಿ ಮಗಳಿಗೆ ಬಡಿಸಿ ತಾನು ಗಂಜಿತಿಳಿ ಕುಡಿದು ಮಲಗಿದ್ದುಂಟು. ಅವಳನ್ನು ಬೀಳಿಸಲು ಆಟಿಯೇ ಸಾಕಾಯಿತು.

ಐವತ್ತೊಂಬತ್ತರ ಬೇಸಿಗೆಯಲ್ಲಿ ಕದ್ರಿಯ ಒಂದು ಬಂಗಲೆಯ ಗೇಟಿಗೆ ‘ಹೊಸ ಬೆಳೆ ಪ್ರಚಾರ ಸಂಘ’ ಎಂಬ ಬೋರ್ಡು ಬಿತ್ತು. ಬಂಗಲೆಯ ಯಜಮಾನ ರುಡೊಲ್ಫ್ ಕಲ್ಕತ್ತೆಯಲ್ಲಿ ಕೆಲವು ವರ್ಷ ಇದ್ದು ಬಂದವನು. ಮಣ್ಣೇ ಇಲ್ಲದೆ ತರಕಾರಿ ಬೆಳೆಯುವ ವಿದ್ಯೆಯನ್ನು ಮೂರು ತಿಂಗಳಲ್ಲಿ ಬಿಟ್ಟಿಯಾಗಿ ಕಲಿಸುತ್ತೇನೆಂದು ಅವನು ಊರಿಡೀ ಕಾಗದ ಹಂಚಿದ. ಕುಶಲಾ ಅದನ್ನು ಅಮ್ಮನಿಗೆ ಓದಿ ಹೇಳಿದಳು. ಮೂರು ಪಟ್ಟು ಬೆಳೆ, ಹುಳವಿಲ್ಲ, ಕಳೆಯಿಲ್ಲ, ಹನ್ನೆರಡು ತಿಂಗಳೂ ಹರಿವೆ.

“ಹನ್ನೆರಡು ತಿಂಗಳೂ ಅಂತ ಉಂಟಾ? ಸರಿ ಓದು” ಎಂದಳು ದೇಯಿ.

“ಉಂಟಮ್ಮ. ದಪ್ಪ ಅಕ್ಷರದಲ್ಲಿ ಉಂಟು.”

ಬಂಗಲೆಯ ಶೆಡ್ಡಿನಲ್ಲಿ, ಗಾಜಿನ ಹಂಚಿನ ಮಾಡಿನ ಕೆಳಗೆ, ಡಾಮರು ಬಳಿದ ಮರದ ತೊಟ್ಟಿಗಳು. ತೊಟ್ಟಿಯಲ್ಲಿ ಒಡೆದ ಹಂಚಿನ ಚೂರು, ಹೊಯಿಗೆ, ಎಂದರೆ ಮರಳು. ವಾರಕ್ಕೊಮ್ಮೆ ಬಿಳಿ ಪುಡಿ ಕರಗಿಸಿದ ನೀರು. ಕಲಿಯುವವರು ಅದನ್ನು ಮದ್ದು ಎಂದರು. ಹರಿವೆಯೇನೋ ನಿಜವಾಗಿಯೂ ಸೊಂಪಾಗಿ ಎದ್ದಿತ್ತು. ದೇಯಿ ಎಲೆ ಮುಟ್ಟಿ ನೋಡಿ ಬೆರಗಾದಳು. ರುಡೊಲ್ಫ್ ಪಾಠ ಮಾಡುವಾಗ ಮಣ್ಣು ಎಂಬ ಮಾತನ್ನು ಮೂಗು ಮುರಿಯದೆ ಹೇಳಿದ್ದಿಲ್ಲ. ಮಣ್ಣೆಂದರೆ ರೋಗ, ಮಣ್ಣೆಂದರೆ ಹುಳ, ಮಣ್ಣು ಹಳೇ ಕಾಲದವರ ಹಣೆಬರಹ.

ಒಮ್ಮೆ ದೇಯಿ ಎದ್ದು ನಿಂತು ಕೇಳಿದಳು. “ಪೊರ್ಬುಗಳೇ, ಮಳೆ ಬಂದ್ರೆ ಎಂತ ಮಾಡುವುದು?” ಕ್ರೈಸ್ತ ಯಜಮಾನರನ್ನು ತುಳುವರು ಮರ್ಯಾದೆಯಿಂದ ಕರೆಯುವುದೇ ಹಾಗೆ.

“ಅದು ಮುಂದಿನ ಪಾಠದಲ್ಲಿ ಉಂಟು” ಎಂದ ರುಡೊಲ್ಫ್.

ಆ ಪಾಠ ಬರಲೇ ಇಲ್ಲ. ಮೇ ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟು ಹಂಚಿ, ಮಳೆಗಾಲಕ್ಕೆಂದು ಕ್ಲಾಸು ಮುಚ್ಚಿದರು! ಮಳೆಗಾಲದಲ್ಲಿ ಬೆಳೆಯುವ ವಿದ್ಯೆ ಕಲಿಸುವವರಿಗೆ ಮಳೆಗಾಲದಲ್ಲಿ ರಜೆ. ನಾಚಿಕೆ ಎಂಬುದು ಅಂಗಡಿಯಲ್ಲಿ ಸಿಗುವಂತಿದ್ದರೆ ಯಾರಾದರೂ ಅವರಿಗೆ ನಾಲ್ಕಾಣೆಯದು ಕಟ್ಟಿಸಿ ಕೊಡಬೇಕಿತ್ತು.

ಅದಕ್ಕಿಂತ ಮೊದಲೇ ಆಗಬಾರದ್ದು ಆಗಿಹೋಗಿತ್ತು. ತೊಟ್ಟಿ ಇಡುವ ಜಾಗದಲ್ಲಿ ಹಳೆಯ ಮಣ್ಣಿದ್ದರೆ ಅದರ ಹುಳ ತೊಟ್ಟಿಗೆ ಏರುತ್ತದೆ, ಬುಡಸಮೇತ ತೆಗೆಸಿ ಎಂದು ರುಡೊಲ್ಫ್ ಹೇಳಿದ್ದ. ತೆಗೆದ ಮಣ್ಣನ್ನು ಸಾಗಿಸುವ ಕಷ್ಟ ನಿಮಗೆ ಬೇಡ, ಸಂಘದ ಗಾಡಿಯೇ ಬರುತ್ತದೆ ಎಂದೂ ಹೇಳಿದ್ದ. ಎಷ್ಟು ಉಪಕಾರ ನೋಡಿ! ಗಾಡಿ ಬಂತು. ಬಸಳೆಯ ಚಪ್ಪರ ಬಿಚ್ಚಿದರು. ಮೂರು ಸಲ ತುಂಬಿಕೊಂಡು ಹೋದರು. ಆ ಜಾಗದಲ್ಲಿ ಸಂಘದ ಹನ್ನೊಂದು ತೊಟ್ಟಿ ಇಳಿಸಿದರು. ಆಸ್ಯಮ್ಮ ಬೇಲಿಯ ಹತ್ತಿರ ಚಟ್ಟಿ ಹಿಡಿದುಕೊಂಡು ನಿಂತಿದ್ದಳು.

“ದೇಯಕ್ಕ, ಇನ್ನು ಈ ನೀರು ನಾನು ಎಲ್ಲಿ ಹೊಯ್ಯುವುದು?”

“ಇನ್ನು ಅದೆಲ್ಲ ಬೇಡ ಆಸ್ಯಮ್ಮ. ಮದ್ದು ಉಂಟಲ್ಲ” ಎಂದು ದೇಯಿ ದೊಡ್ಡ ವಿದ್ಯಾವಂತೆಯ ಹಾಗೆ ನಕ್ಕಳು. ಆ ನಗುವನ್ನು ನೆನೆದಾಗಲೆಲ್ಲ ಮುಂದೆ ಅವಳು ತನಗೆ ತಾನೇ ಬೈದುಕೊಳ್ಳುತ್ತಿದ್ದಳು.

ಜೂನಿನಲ್ಲಿ ಮಳೆ ಹಿಡಿಯಿತು. ಮಂಗಳೂರಿನ ಮಳೆಯೆಂದರೆ ತೊಟ್ಟಿ ತುಂಬಲು ಕಾಲುಗಂಟೆ ಸಾಕು. ತೊಟ್ಟಿಯ ಬುಡದಲ್ಲಿ ಒಂದು ತೂತು, ಅದಕ್ಕೊಂದು ಬೆಣೆ. ಬೆಣೆ ತೆಗೆದರೆ ಮದ್ದೆಲ್ಲ ಹರಿದುಹೋಗುತ್ತದೆ, ಹಾಕಿದರೆ ಬೇರು ಕೊಳೆಯುತ್ತದೆ. ಕುಶಲಾ ಸಂಘದ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದಳು. ಬಿಸಿಲು ಹೆಚ್ಚಾದರೆ ಏನು ಮಾಡಬೇಕೆಂದು ಇತ್ತು, ಬಾವಿ ಬತ್ತಿದರೆ ಏನು ಮಾಡಬೇಕೆಂದು ಇತ್ತು. ಮಳೆ ಎಂಬ ಶಬ್ದವೇ ಇರಲಿಲ್ಲ. ಯಾವ ಬಯಲುಸೀಮೆಗೆಂದು ಯಾರು ಬರೆದ ಪುಸ್ತಕವನ್ನು ಇವರು ಕನ್ನಡಕ್ಕೆ ಇಳಿಸಿದ್ದರೋ. ತೊಟ್ಟಿಗಳ ಮೇಲೆ ತಾಯಿ ಮಗಳು ಹೆಣೆದ ತೆಂಗಿನ ಮಡಲು ಹೊದಿಸಿದರು, ಬಿಸಿಲಿಲ್ಲದೆ ಗಿಡ ಬಿಳಿಚಿತು. ಮಡಲು ತೆಗೆದರು, ಉಳಿದದ್ದೂ ಮಲಗಿತು.

ನೋಡಲಾರದೆ ಆಸ್ಯಮ್ಮ ಒಂದು ಸಂಜೆ ಬೂತಾಯಿ ತೊಳೆದ ನೀರನ್ನು ಹಳೆಯ ಅಭ್ಯಾಸದಲ್ಲಿ ತೊಟ್ಟಿಗೆ ಹೊಯ್ದುಬಿಟ್ಟಳು. ಆ ತೊಟ್ಟಿ ಮೂರನೆಯ ದಿನ ನಾರತೊಡಗಿತು. ಮಣ್ಣಿಗೆ ಮೃಷ್ಟಾನ್ನವಾಗಿದ್ದದ್ದು ಹಂಚಿನ ಚೂರಿಗೆ ಬರೇ ಕೊಳಕಾಯಿತು. ದೇಯಿ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಬೇರೆ ತೊಟ್ಟಿಗಳಲ್ಲಿಯೂ ಗಿಡ ಎಂಬುದು ಉಳಿದಿರಲಿಲ್ಲ.

ಆಟಿಯ ಒಂದು ಬೆಳಿಗ್ಗೆ ದೇಯಿ ಕದ್ರಿಗೆ ನಡೆದಳು. ರುಡೊಲ್ಫ್ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ತೊಟ್ಟಿಗೆ ಮೀನಿನ ನೀರು ಬಿದ್ದದ್ದನ್ನೂ ಮುಚ್ಚಿಡಲಿಲ್ಲ. ಆಸ್ಯಮ್ಮನ ಹೆಸರನ್ನು ಮಾತ್ರ ಎತ್ತಲಿಲ್ಲ. ಅವನಿಗೆ ಬೇಕಾದ್ದು ಅಷ್ಟೇ.

“ಮೀನಿನ ನೀರು ಹಾಕಿದ್ದೀಯಲ್ಲ, ಮತ್ತೆ ಬೆಳೆ ಎಲ್ಲಿಂದ ಬರ್ತದೆ? ಸೈನ್ಸ್ ಇದು, ನಿಮ್ಮ ಬಸಳೆ ಗುಂಡಿ ಅಲ್ಲ. ಕಲಿಸುವುದು ನನ್ನ ಕೆಲಸ, ತಲೆಗೆ ಹೋಗದಿದ್ರೆ ನಾನೆಂತ ಮಾಡ್ಲಿ?”

ಹನ್ನೊಂದು ತೊಟ್ಟಿಯಲ್ಲಿ ಹತ್ತನ್ನು ಕೊಂದದ್ದು ಮಳೆ. ಆದರೆ ತಪ್ಪಿಗೆ ಸಿಕ್ಕಿಬಿದ್ದದ್ದು ಬಡವಿಯ ಮೀನು. ದೇಯಿಗೆ ಅಳು ಬಂತು. ಅವನ ಮುಂದೆ ಅಳಬಾರದೆಂದು ಬಂಗಲೆಯ ಹಿಂದಿನ ದಾರಿ ಹಿಡಿದು ಇಳಿದಳು. ಅಲ್ಲಿ ನಿಂತುಬಿಟ್ಟಳು.

ಬಂಗಲೆಯ ಹಿಂದೆ ಸಾಲು ಸಾಲು ಗುಲಾಬಿ. ಎತ್ತರಕ್ಕೆ ಏರಿಸಿದ ಏರಿ, ನೀರು ನಿಲ್ಲದಂತೆ ಕೊಚ್ಚಿದ ಕಣಿ, ಕಪ್ಪಗೆ ಮಿಂಚುವ ಮಣ್ಣು. ಎರಡು ಗುಲಾಬಿಯ ನಡುವೆ ಕೆಂಪು ದಂಟಿನ ದಪ್ಪ ಎಲೆಯ ಬಸಳೆಯ ಕುಡಿ ತಲೆ ಎತ್ತಿತ್ತು. ದೇಯಿ ಕುಕ್ಕರುಗಾಲಲ್ಲಿ ಕೂತು ಕೈ ಹಾಕಿದಳು. ಬೆರಳಿಗೆ ಬೂತಾಯಿಯ ಸಣ್ಣ ಮುಳ್ಳು ತಾಗಿತು. ಹೆತ್ತ ಮಗುವನ್ನು ಬೇರೆಯವರ ಮನೆಯಲ್ಲಿ ಕಂಡ ಹಾಗಾಯಿತು ಅವಳಿಗೆ.

ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ಜೆಪ್ಪುವಿಗೆ ಹೋಗಿ, ಹಾರೆ ಬುಟ್ಟಿ ತೆಗೆದುಕೊಂಡು, ಮಧ್ಯಾಹ್ನದೊಳಗೆ ತಿರುಗಿ ಬಂದಳು. ಗುಲಾಬಿ ಗಿಡಗಳನ್ನು ಒಂದೊಂದಾಗಿ ಬೇರಿಗೆ ಪೆಟ್ಟಾಗದಂತೆ ಎಬ್ಬಿಸಿ ಬದಿಗಿಟ್ಟಳು. ಆಮೇಲೆ ಬುಟ್ಟಿಗೆ ಮಣ್ಣು ತುಂಬತೊಡಗಿದಳು. ಸದ್ದು ಕೇಳಿ ರುಡೊಲ್ಫ್ ಓಡಿ ಬಂದ.

“ಎಂತ ಮಾಡ್ತಿದ್ದೀ? ನನ್ನ ಗುಲಾಬಿ!”

“ಗುಲಾಬಿ ನಿಮ್ಮದೇ ಪೊರ್ಬುಗಳೇ, ಅಲ್ಲಿ ಇಟ್ಟಿದ್ದೇನೆ ನೋಡಿ. ಮಣ್ಣು ನನ್ನದು.”

“ಉಪಯೋಗ ಇಲ್ಲ ಅಂತ ನೀನೇ ಕೊಟ್ಟದ್ದಲ್ವ?”

“ಉಪಯೋಗ ಇಲ್ಲ ಅಂತ ಹೇಳಿದ್ದು ನೀವು. ನಂಬಿದ್ದು ನಾನು.”

“ಇಷ್ಟು ರಂಪ ಎಂತಕ್ಕೆ? ಬರೀ ಮಣ್ಣಿಗೆ!”

ದೇಯಿ ಹಾರೆಯನ್ನು ನೆಲಕ್ಕೂರಿ ನೆಟ್ಟಗೆ ನಿಂತಳು. “ಬರೀ ಮಣ್ಣಾದ್ರೆ ನಿಮ್ಮ ಗುಲಾಬಿಗೆ ತೊಟ್ಟಿ ಎಂತಕ್ಕೆ ಇಡ್ಲಿಲ್ಲ? ಹಂಚಿನ ಚೂರು ಎಂತಕ್ಕೆ ಹಾಕ್ಲಿಲ್ಲ? ಆ ಬಿಳಿ ಮದ್ದು ನಿಮ್ಮ ಗಿಡಕ್ಕೆ ಯಾಕೆ ಬೇಡ?”

“ಗುಲಾಬಿ ವಿಷಯ ಬೇರೆ” ಎಂದ ರುಡೊಲ್ಫ್. ಇನ್ನೇನೋ ಹೇಳಲು ಬಾಯಿ ತೆರೆದವನು, ಬೇಲಿಯಾಚೆ ದಾರಿಹೋಕರು ನಿಂತದ್ದನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೊದಲ ಬುಟ್ಟಿಯನ್ನು ಅವಳು ತಲೆಯ ಮೇಲೆ ಹೊತ್ತು ಕದ್ರಿಯಿಂದ ಜೆಪ್ಪುವಿನವರೆಗೆ ಪೇಟೆಯ ನಡುವೆಯೇ ನಡೆದಳು. ಮಳೆಗೆ ಮಣ್ಣು ಕರಗಿ ಹಣೆಯ ಮೇಲೆ ಇಳಿಯುತ್ತಿತ್ತು. ಕೇಳಿದವರಿಗೆಲ್ಲ ಗಟ್ಟಿಯಾಗಿ ಉತ್ತರ ಕೊಟ್ಟಳು. ಎರಡನೆಯ ಬುಟ್ಟಿಗೆ ಹೊರಟಾಗ ಸಲಾಂ ಗಾಡಿ ಅಡ್ಡ ನಿಲ್ಲಿಸಿ, “ಹತ್ತಿ ದೇಯಕ್ಕ, ಎಷ್ಟೂಂತ ಹೊರುವುದು ಮಾರಾಯ್ತಿ” ಎಂದ. ಮೂರು ಗಾಡಿ ಹೋದದ್ದರಲ್ಲಿ ಒಂದೂವರೆ ಗಾಡಿ ಸಿಕ್ಕಿತು. ಉಳಿದದ್ದು ಬಂಗಲೆಯ ಮಣ್ಣಿನೊಂದಿಗೆ ಕಲಸಿಹೋಗಿತ್ತು. ಆ ವರ್ಷ, ಮರುವರ್ಷ, ತಾಯಿ ಮಗಳು ಅನುಭವಿಸಿದ್ದನ್ನು ಬರೆದರೆ ಪ್ರಯೋಜನವಿಲ್ಲ. ಕುಶಲಾ ಬೀಡಿ ಕಟ್ಟಲು ಕೂತಳು. ಆಸ್ಯಮ್ಮ ಚಟ್ಟಿಯನ್ನು ಮತ್ತೆ ಬೇಲಿಯ ಸಂದಿಯಿಂದ ಚಾಚಿದಳು.

ಮೂರನೆಯ ವರ್ಷ ಬಸಳೆ ಚಪ್ಪರ ತುಂಬಿತು. ಆಗೊಬ್ಬ ಕ್ಯಾಮೆರಾದವನು ಬಂದು, ತಾನು ಪೇಪರಿನವನು, ಒಳ್ಳೆಯ ತೋಟಗಳ ಪಟ ತೆಗೆಯುತ್ತಿದ್ದೇನೆ ಎಂದ. ಇಲ್ಲಿ ದೇಯಿ ಮಾಡಿದ್ದು ತಪ್ಪೇ. ಅವನು ಯಾರು, ಎಲ್ಲಿಯವನು ಎಂದು ಕೇಳುವುದು ಬಿಟ್ಟು ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ಜೀವಮಾನದಲ್ಲಿ ಒಂದು ಪಟ ತೆಗೆಸಿರಲಿಲ್ಲ, ಆಸೆ ಇರುವುದಿಲ್ಲವೇ? ಅವನು ಮೂಲೆಯಲ್ಲಿ ಕವುಚಿ ಬಿದ್ದಿದ್ದ ತೊಟ್ಟಿಗಳನ್ನು ಎಳೆದು ಚಪ್ಪರದ ಮುಂದೆ ಸಾಲಾಗಿ ಇಟ್ಟ. “ಚಂದ ಕಾಣ್ತದೆ” ಎಂದ. ದೇಯಿ ತೊಟ್ಟಿಗಳ ಹಿಂದೆ ನಿಂತು ನಕ್ಕಳು.

ಎರಡು ತಿಂಗಳ ಮೇಲೆ ಕಂಕನಾಡಿಯಿಂದ ರೊಸಾಲಿನ್ ಎಂಬವಳು ಮನೆ ಹುಡುಕಿಕೊಂಡು ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಸಂಘದ ಹೊಸ ಪುಸ್ತಿಕೆ. ಅದರ ರಕ್ಷಾಪುಟದಲ್ಲೇ ದೇಯಿ ನಗುತ್ತಿದ್ದಳು. ಕುಶಲಾ ಕೆಳಗಿದ್ದದ್ದನ್ನು ಓದಿದಳು. ನಮ್ಮ ಮೊದಲ ತಂಡದ ಶ್ರೀಮತಿ ದೇಯಿಯವರ ಮಣ್ಣಿಲ್ಲದ ತೋಟ, ಜೆಪ್ಪು.

ಕುಶಲಾ ಓದಿ ಮುಗಿಸಿ ಅಮ್ಮನ ಮುಖ ನೋಡಿದಳು, ಈಗ ಸಿಡಿಯುತ್ತಾಳೆ ಎಂದು. ದೇಯಿ ಸಿಡಿಯಲಿಲ್ಲ. ರೊಸಾಲಿನ್ ಮಾತ್ರ ಉತ್ಸಾಹದಿಂದ ಹೇಳುತ್ತಲೇ ಇದ್ದಳು. “ನಿಮ್ಮ ಪಟ ನೋಡಿಯೇ ನಾನು ಸೇರಿದ್ದು ಅಕ್ಕ. ನಮ್ಮಂಥ ಹೆಂಗಸು ಮಾಡಿದ್ದಾರೆ, ಮತ್ತೆ ನನಗೆ ಆಗುವುದಿಲ್ಲವಾ ಅಂತ. ತೊಟ್ಟಿ ಇಡುವುದು ಹೇಗೆ ಅಂತ ಒಮ್ಮೆ ತೋರಿಸ್ತೀರಾ?”

“ನಿನ್ನದು ಎಂತ ಬೆಳೆ?” ದೇಯಿಯ ದನಿ ಕೆಳಗಿಳಿದಿತ್ತು.

“ಮಲ್ಲಿಗೆ. ಅತ್ತೆಯ ಕಾಲದ್ದು.”

“ಅದರ ಬುಡದ ಮಣ್ಣು?”

“ಇವತ್ತು ಬೆಳಿಗ್ಗೆ ಗಾಡಿಯವರು ಬಂದು ಕೊಂಡುಹೋದ್ರು. ಬಿಟ್ಟಿಯಾಗಿ ಅಕ್ಕ, ಒಂದು ಕಾಸು ಕೇಳ್ಲಿಲ್ಲ.”

ಈ ಹೆಣ್ಣಿನ ಮಣ್ಣನ್ನು ಗಾಡಿಗೆ ಹತ್ತಿಸಿದ್ದು ತನ್ನ ನಗು. ದೇಯಿಗೆ ಅದು ಎದೆಗೆ ಚೂರಿ ಹಾಕಿದಷ್ಟು ಸ್ಪಷ್ಟವಾಗಿ ತಿಳಿಯಿತು. ರುಡೊಲ್ಫನ ಮೇಲಿನ ಸಿಟ್ಟನ್ನು ಮೂರು ವರ್ಷ ಹೊತ್ತಿದ್ದಳು. ಅದರ ಜೊತೆಗೆ ಈಗ ತನ್ನ ಮೇಲಿನದ್ದೂ ಸೇರಿತು. ಅವಳು ಎದ್ದು ಮಗುವನ್ನು ರೊಸಾಲಿನ್‌ಳ ಕಂಕುಳಿನಿಂದ ತೆಗೆದು ಕುಶಲಾಳ ಕೈಗೆ ಕೊಟ್ಟಳು. ಬೇಲಿಯ ಹತ್ತಿರ ಹೋಗಿ ಸಲಾಂ ಗಾಡಿ ಕಟ್ಟಿದ್ದಾನಾ ಎಂದು ಆಸ್ಯಮ್ಮನನ್ನು ಕೇಳಿದಳು. ಆಮೇಲೆ ಹಾರೆ ಎರಡು ತಂದು, ಒಂದನ್ನು ಏನೂ ತಿಳಿಯದೆ ನಿಂತಿದ್ದ ರೊಸಾಲಿನ್‌ಗೆ ಹಿಡಿಸಿದಳು.

“ತೊಟ್ಟಿ ಆಮೇಲೆ ತೋರಿಸ್ತೇನೆ ಮಗಾ. ಆ ಮಣ್ಣನ್ನು ಬೇರೆಯದಕ್ಕೆ ಕಲಸುವ ಮೊದಲು ನಾವು ಕದ್ರಿಗೆ ಮುಟ್ಟಬೇಕು. ನಡಿ.”