ನಳಿಗೆಯ ಬಾಯಿಗೆ ಕುಂಕುಮ

ನಮ್ಮ ರೈಫಲ್ ಕ್ಲಬ್ಬಿಗೆ ಹೊಸ ನಳಿಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಆಯುಧಪೂಜೆಗೆ ಇನ್ನೊಂದು ವಾರವಿದ್ದಾಗ. ನಾನು ಮುಂಬಯಿಯ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಗುಮಾಸ್ತ. ರಾಜ್ಯ ತಂಡದ ಆಯ್ಕೆಯಲ್ಲಿ ಆ ನಳಿಗೆ ಕೂರಿಸಿದ ರೈಫಲ್ಲು ನನಗೇ ಎಂದು ತೀರ್ಮಾನವಾಗಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದನ್ನು ಪಳಗಿಸುವ ಕೆಲಸ ಹವಾಲ್ದಾರರದು. ಬಿಜಾಪುರದ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ಕ್ಲಬ್ಬಿನ ಆಯುಧದ ಕೋಣೆ ನೋಡಿಕೊಳ್ಳುತ್ತಿದ್ದರು. ಒಂದು ಗುಂಡು ಹಾರಿಸಬೇಕು, ಒರೆಸಬೇಕು, ಆಮೇಲೆ ಇನ್ನೊಂದು. ಹಿತ್ತಾಳೆ ಕೋಲಿನ ತುದಿಗೆ ಎಣ್ಣೆಬಟ್ಟೆ ಸಿಕ್ಕಿಸಿ ನಳಿಗೆಯ ಹಿಂದಿನಿಂದಲೇ ತೂರಿಸುತ್ತಿದ್ದರು. ಬಟ್ಟೆ ಬೆಳ್ಳಗೆ ಬರುವತನಕ ಎರಡನೇ ಗುಂಡು ಕೈಗೆ ಕೊಡುತ್ತಿರಲಿಲ್ಲ. ನನಗೆಲ್ಲಿಯ ತಾಳ್ಮೆ?

“ಇದರ ಬಾಯಿ ಅಂಚು ಕೂಸಿನ ನೆತ್ತಿ ಇದ್ದಂಗ್ರೀ. ಗೀರು ಬಿದ್ರ ಗುಂಡು ದಿಕ್ಕಾಪಾಲು ಹೋಗ್ತಾವ” ಎನ್ನುತ್ತಿದ್ದರು.

ಹಬ್ಬದ ದಿನ ಅವರು ಧಾರಾವಿಯ ತಮ್ಮ ಮನೆಯಲ್ಲಿ ಪೂಜೆಗೆ ಇರಬೇಕಿತ್ತು. ಆಯುಧದ ಕೋಣೆಯ ಕೀಲಿಯನ್ನು ಯಾರ ಕೈಗೂ ಕೊಡಬಾರದೆಂಬ ನಿಯಮ ಇದ್ದೇ ಇತ್ತು. ನಾನು ಅಂಗಲಾಚಿದೆ: “ಅಮ್ಮ ಕುಂಕುಮ ಕಟ್ಟಿಕೊಟ್ಟಿದ್ದಾರೆ, ರೈಫಲ್ಲಿಗೊಂದು ಪೂಜೆ ಮಾಡಿಬಿಡ್ತೀನಿ.” ಪೂಜೆ ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ. “ಕಟ್ಟಿಗಿಗೆ ಅಷ್ಟ ಹಚ್ರಿ, ನಳಿಗಿಗೆ ಬ್ಯಾಡ” ಎಂದು ಕೀಲಿ ಕೊಟ್ಟರು.

ನಾನು ಕುಂಕುಮವನ್ನು ನೀರಿನಲ್ಲಿ ಕಲಸಿ ನಳಿಗೆಯ ಬಾಯಿಗೇ ದುಂಡಗೆ ಇಟ್ಟೆ. ನಮ್ಮ ಮೈಸೂರು ಕಡೆಯವರ ಭಕ್ತಿಯೇ ಹಾಗೆ, ಹೊಲಿಗೆ ಯಂತ್ರಕ್ಕೂ ಎಲ್ಲಾದರೂ ಒಂದು ಹಣೆ ಹುಡುಕುತ್ತೇವೆ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದೆಂದು ಹಾಗೇ ಬಿಟ್ಟುಬಂದೆ.

ಮರುದಿನ ಹೋಗಿ ನೋಡಿದರೆ ಮುಂಬಯಿಯ ಉಪ್ಪುಗಾಳಿ ತನ್ನ ಕೆಲಸ ಮಾಡಿತ್ತು. ಕುಂಕುಮ ಒಳಗೆ ಇಳಿದು ಗಟ್ಟಿಯಾಗಿತ್ತು, ಸುತ್ತ ತುಕ್ಕಿನ ಚುಕ್ಕೆ. ಹವಾಲ್ದಾರರಿಗೆ ಹೇಳಿದ್ದರೆ ಬೈದು ಸರಿಮಾಡಿಕೊಡುತ್ತಿದ್ದರೇನೋ. ನಾನು ಮೂಲೆಯಲ್ಲಿದ್ದ ಕಬ್ಬಿಣದ ಸರಳು ತೆಗೆದುಕೊಂಡು ನಳಿಗೆಯ ಬಾಯಿಯಿಂದಲೇ ಹಾಕಿ ಗಸಗಸ ಉಜ್ಜಿದೆ. ಎಣ್ಣೆ ಸವರಿ, ರೈಫಲ್ಲನ್ನು ಚೀಲಕ್ಕೆ ಸೇರಿಸಿ, ಕೀಲಿಯನ್ನು ಅವರ ಮನೆಗೇ ಮುಟ್ಟಿಸಿದೆ.

ಆಯ್ಕೆ ಅದರ ಮಾರನೆಯ ಬೆಳಿಗ್ಗೆ. ಗುಂಡುಗಳು ಗುರಿಹಲಗೆಯ ತುಂಬ ಚೆಲ್ಲಾಪಿಲ್ಲಿಯಾದವು. ಕ್ಲಬ್ಬಿನ ಸಾಹೇಬರು ನಳಿಗೆಯನ್ನು ಬೆಳಕಿಗೆ ಹಿಡಿದು ಅಂಚಿನ ಗೀರುಗಳನ್ನು ಕಂಡರು.

“ಚಾವಿ ಕಿಸ್ಕೆ ಪಾಸ್ ಥೀ?” ಕೀಲಿ ಯಾರ ಹತ್ತಿರವಿತ್ತೆಂದು ಕೇಳಿದರು.

ಹವಾಲ್ದಾರರು ಒಮ್ಮೆ ನನ್ನ ಕಡೆ ನೋಡಿದರು. ನಾನು ಬೂಟಿನ ಲೇಸು ನೋಡುತ್ತ ನಿಂತೆ.

“ಮೇರೇ ಪಾಸ್, ಸಾಬ್” ಎಂದರು. ಅಂದೇ ಅವರ ಕೆಲಸ ಹೋಯಿತು.

ಆರು ತಿಂಗಳಾದ ಮೇಲೆ ಅವರು ಘಾಟ್ಕೋಪರಿನ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆಗಿದ್ದಾರೆಂದು ತಿಳಿದು ಹೋದೆ. ನನ್ನನ್ನು ಕಂಡು ಸ್ಟೂಲಿನಿಂದ ಎದ್ದು ನಿಂತರು. ಅದಕ್ಕೇ ನನಗೆ ನಾಚಿಕೆಯಾಯಿತು.

“ತಪ್ಪು ನನ್ನದು ಹವಾಲ್ದಾರ್ರೇ, ಕ್ಷಮಿಸಿ” ಎಂದೆ.

“ಗೊತ್ತೈತ್ರಿ. ಇಲ್ಲಿ ಯಾಕ ಹೇಳಾಕ ಬಂದ್ರಿ? ನಾಳಿ ಕ್ಲಬ್ಬಿನ್ಯಾಗ ಹೇಳ್ರಿ. ನೌಕರಿ ಬ್ಯಾಡ ನನಗ, ಹವಾಲ್ದಾರ ಕೆಡಿಸ್ಲಿಲ್ಲ ಅಂತ ಅವರಿಗೆ ಗೊತ್ತಾದ್ರ ಸಾಕು.”

ಹೇಳುತ್ತೇನೆ ಎಂದು ಕೈ ಮುಗಿದು ಬಂದೆ. ನಾಳೆ ಎಂದದ್ದು ಸೋಮವಾರಕ್ಕೆ ಹೋಯಿತು, ಸೋಮವಾರ ಮುಂದಿನ ತಿಂಗಳಿಗೆ. ಹೇಳಿದ್ದರೆ ನನ್ನನ್ನೂ ಕ್ಲಬ್ಬಿನಿಂದ ಹೊರಗೆ ಹಾಕುತ್ತಿದ್ದರು. ಹೇಳಲಿಲ್ಲ. ಮರುವರ್ಷ ನಾನು ರಾಜ್ಯ ತಂಡಕ್ಕೆ ಆಯ್ಕೆಯಾದೆ.